ಕೊಳಲು ಬಗ್ಗೋದಿಲ್ಲ, ತಂತಿನೇ ಬಗ್ಗಬೇಕು

ಹೋದ ವರ್ಷ ಆಷಾಢದಲ್ಲಿ ತವರಿಗೆ ಹೋಗಿದ್ದೆ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬಸ್ಸು, ಅಲ್ಲಿಂದ ಒಂದು ಆಟೋ. ಹೋದ ದಿನವೇ ಗಾಳಿಮಳೆಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯ್ತು. ಎರಡು ದಿನ ಬರಲಿಲ್ಲ. ಮೊದಲನೇ ರಾತ್ರಿಗೆ ಎಲ್ಲರ ಫೋನೂ ಸತ್ತುಹೋದ್ವು. ನನ್ನ ಮಗಳು, ಅಣ್ಣನ ಮಗ ಇಬ್ಬರೂ ಜಗುಲಿ ಮೇಲೆ ಕೂತು ಮಳೆ ನೋಡಿ ನೋಡಿ ಬೇಜಾರಾಗಿ, ಕೊನೆಗೆ ಮಾಣಿ ಒಳಗಿಂದ ಕೊಳಲು ತಂದ. ಅವನು ವಾರಕ್ಕೊಂದು ದಿನ ಸಾಗರಕ್ಕೆ ಹೋಗಿ ಹಿಂದೂಸ್ತಾನಿ ಬಾನ್ಸುರಿ ಕಲೀತಾನೆ.

ನಮ್ಮ ಕೂಸು ಸ್ವಲ್ಪ ಹೊತ್ತು ಕೇಳಿದ್ದು, ಆಮೇಲೆ ಮಾತಾಡದೆ ಎದ್ದು ಅಟ್ಟ ಹತ್ತಿತು. ಅಲ್ಲಿ ಅದರ ಪಿಟೀಲು ಇತ್ತು. ಎರಡು ವರ್ಷದಿಂದ ಮುಟ್ಟಿರಲಿಲ್ಲ. ಯಾರಾದ್ರೂ ಕಲಿಯೋ ಮಕ್ಕಳಿಗೆ ಕೊಟ್ಟುಬಿಡೋಣ ಅಂತ ನಾನೇ ತವರಿಗೆ ತಂದು ಹಾಕಿದ್ದೆ. ಪೆಟ್ಟಿಗೆ ತೆಗೆದರೆ ಬೂಷ್ಟಿನ ವಾಸನೆ. ಮಳೆಗಾಲದ ತೇವಕ್ಕೆ ಬಿರಡೆಗಳು ಉಬ್ಬಿ ಕಚ್ಚಿಕೊಂಡು ತಿರುಗಲೇ ಇಲ್ಲ. ಒಲೆ ಹತ್ತಿರ ಹತ್ತು ನಿಮಿಷ ಬೆಚ್ಚಗೆ ಇಟ್ಟಮೇಲೆ ಅಷ್ಟಿಷ್ಟು ಅಲ್ಲಾಡಿದ್ವು. ಕಮಾನಿಗೆ ರಾಳ ಉಜ್ಜಿ, ಕೂಸು ಪಿಟೀಲಿನ ಷಡ್ಜ ಎಳೀತು. ಮಾಣಿ ಕೊಳಲಿನ ಷಡ್ಜ ಊದಿದ. ಎರಡೂ ಸೇರಲಿಲ್ಲ. ಅಕ್ಕಪಕ್ಕದ ಮನೆಯವರು ಬೇಲಿ ಜಗಳ ಆಡಿದ ಹಾಗೆ ಕೇಳ್ತು.

‘ನೀನು ಸ್ವಲ್ಪ ಇಳಿಸ್ಕ’ ಅಂತು ಕೂಸು. ‘ಕೊಳಲು ಇಳಿಸದು ಹೆಂಗೆ?’ ಅಂದ ಮಾಣಿ. ಒಳಗೆ ಕತ್ತಲೆಯಲ್ಲಿ ಬತ್ತಿ ಹೊಸೀತಾ ಕೂತಿದ್ದ ಆಯಿ ಅಲ್ಲಿಂದಲೇ ಕೂಗಿ ಹೇಳಿದಳು: ‘ಕೊಳಲು ಬಗ್ತಿಲ್ಲೆ ಕೂಸೇ, ತಂತಿಯೇ ಬಗ್ಗವು.’

ಈ ಬರಹ ಆ ಮಾತಿನ ಬಗ್ಗೆನೇ.

ಮೊದಲು ಆಯಿ ಹೇಳಿದ್ದರ ಅರ್ಥ ಬಿಡಿಸಿಬಿಡ್ತೇನೆ. ಕೊಳಲು ಅಂದ್ರೆ ತೂತು ಕೊರೆದ ಬಿದಿರು. ಅದರ ಉದ್ದ ಎಷ್ಟೋ ಅದರ ಶ್ರುತಿ ಅಷ್ಟು. ಉದ್ದ ಇದ್ದರೆ ದನಿ ಕೆಳಗೆ, ಗಿಡ್ಡ ಇದ್ದರೆ ಮೇಲೆ. ಊದೋರು ತುಟಿ ತಿರುಗಿಸಿ ಒಂದೆಳೆ ಹೆಚ್ಚುಕಮ್ಮಿ ಮಾಡಬಹುದು, ಅದಕ್ಕಿಂತ ಜಾಸ್ತಿ ಅದು ಕೇಳೋದಿಲ್ಲ. ತಂತಿ ಹಂಗಲ್ಲ, ಬಿರಡೆ ತಿರುಗಿಸಿದರೆ ಬಿಗೀತದೆ, ಸಡಿಲ ಆಗ್ತದೆ. ಹಾಗಾಗಿ ಕೊಳಲು, ತಂತಿವಾದ್ಯ ಎರಡೂ ಒಟ್ಟಿಗೆ ಕೂತರೆ ತಂತಿಯವರೇ ಕೊಳಲಿನ ಹತ್ತಿರ ಬರಬೇಕು. ಅಷ್ಟಕ್ಕೂ ಮುಗಿಯೋದಿಲ್ಲ. ಊದ್ತಾ ಊದ್ತಾ ಉಸಿರಿನ ಬಿಸಿಗೆ ಕೊಳಲಿನ ಶ್ರುತಿ ಒಂದೆಳೆ ಮೇಲೇರ್ತದೆ. ಆಗ ತಂತಿಯವರು ಮತ್ತೆ ಕಿವಿ ಕೊಟ್ಟು ಮತ್ತೆ ಸರಿ ಮಾಡ್ಕೋಬೇಕು. ಒಂದು ಸಲ ಹೊಂದಿಸಿಬಿಟ್ಟು ಮರೆಯೋ ಹಾಗಿಲ್ಲ. ಸಂಸಾರ ಮಾಡಿದವರಿಗೆ ಇದು ಹೊಸದೇನೂ ಅಲ್ಲ ಬಿಡಿ.

ಆ ರಾತ್ರಿ ಕೂಸು ಕೊಳಲಿಗೆ ಹೊಂದಿಸಿಕೊಂಡಿತು. ಕೊಳಲು ಐದು ಮನೆ ಶ್ರುತಿದು. ಹಾರ್ಮೋನಿಯಂನ ಬಿಳಿ ಮನೆ ಎಣಿಸಿದರೆ ಐದನೆಯದು. ದೀಪದ ಬೆಳಕಲ್ಲಿ ಇಬ್ಬರೂ ಒಂದು ತಾಸು ನುಡಿಸಿದರು. ನುಡಿಸಿದ್ದು ಅಂದ್ರೆ ಏನು, ತಡವರಿಸಿದ್ದು. ಒಬ್ಬರು ನಿಂತರೆ ಇನ್ನೊಬ್ಬರು ನಿಲ್ಲೋದು, ನಗೋದು, ಮತ್ತೆ ಶುರು. ನನ್ನ ಮಗಳು ಪಿಟೀಲು ಹಿಡಿದು ನಕ್ಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಐದು ವರ್ಷ ಕಲಿತಿದ್ದಾಳೆ ಅವಳು, ಒಂದು ದಿನವೂ ನಕ್ಕಿರಲಿಲ್ಲ.

ಯಾಕೆ ಬಿಟ್ಟಳು ಅಂತನೂ ಹೇಳ್ಬೇಕು. ತಪ್ಪು ನಂದು. ಎರಡು ವರ್ಷದ ಹಿಂದೆ ಒಂದು ಸ್ಪರ್ಧೆಗೆ ಕರ್ಕೊಂಡು ಹೋಗಿದ್ದೆ. ವೇದಿಕೆ ಮೇಲೆ ಒಬ್ಬಳೇ ಕೂತು, ಅರ್ಧದಲ್ಲಿ ಮರೆತು, ಕಮಾನು ಕೆಳಗಿಟ್ಟಳು. ಬರೋವಾಗ ಬಸ್ಸಲ್ಲಿ ನಾನು ‘ಇಷ್ಟು ವರ್ಷ ಫೀಸು ಕಟ್ಟಿದ್ದು ಇದಕ್ಕಾ?’ ಅಂದುಬಿಟ್ಟೆ. ಅವಳು ಕಿಟಕಿ ಕಡೆ ಮುಖ ಮಾಡಿ ಕೂತಳು. ಮಾರನೇ ದಿನ ಪಿಟೀಲು ಪೆಟ್ಟಿಗೆ ಸೇರ್ತು. ನಾನೂ ‘ಎಸ್ಸೆಸ್ಸೆಲ್ಸಿ ಹತ್ತಿರ ಬಂತು, ಇರ್ಲಿ’ ಅಂತ ಸುಮ್ಮನಾದೆ. ಒಳಗೊಳಗೆ ಗೊತ್ತಿತ್ತು, ಎಸ್ಸೆಸ್ಸೆಲ್ಸಿಗೂ ಅದಕ್ಕೂ ಸಂಬಂಧ ಇಲ್ಲ ಅಂತ.

ಈಗ ನನ್ನ ಮಾತು ಇಷ್ಟು. ನಾವು ಮಕ್ಕಳಿಗೆ ಒಂಟಿಯಾಗಿ ನುಡಿಸೋದು ಕಲಿಸ್ತೀವಿ, ಕೂಡಿ ನುಡಿಸೋದು ಕಲಿಸೋದಿಲ್ಲ. ಅದಕ್ಕೇ ಎಷ್ಟೋ ಮನೆಯಲ್ಲಿ ವಾದ್ಯ ಅಟ್ಟ ಸೇರಿದೆ. ನಿಮ್ಮನೆ ಅಟ್ಟದಲ್ಲೂ ಇರಬಹುದು, ನೋಡಿ.

ಹೇಗೆ ಅಂತ ಯೋಚನೆ ಮಾಡಿ. ವಾರಕ್ಕೆ ಎರಡು ಪಾಠ, ಗುರುಗಳ ಎದುರು ಒಬ್ಬರೇ. ಮನೆಗೆ ಬಂದು ಅಭ್ಯಾಸ, ಕೋಣೆ ಬಾಗಿಲು ಹಾಕ್ಕೊಂಡು ಒಬ್ಬರೇ. ಆಮೇಲೆ ಜೂನಿಯರ್, ಸೀನಿಯರ್ ಪರೀಕ್ಷೆ, ಅಲ್ಲೂ ಒಬ್ಬರೇ. ಸ್ಪರ್ಧೆ ಅಂತೂ ಹೇಳೋದೇ ಬೇಡ. ಪರೀಕ್ಷೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದರಿಂದ ಪಾಠಕ್ಕೊಂದು ಶಿಸ್ತು ಬರ್ತದೆ. ಆದರೆ ಅಕ್ಷರ ಕಲಿಸಿ, ಕಾಗುಣಿತ ಕಲಿಸಿ, ಪ್ರಬಂಧ ಬರೆಸಿ, ಯಾರ ಹತ್ತಿರವೂ ಮಾತಾಡಬೇಡ ಅಂದಹಾಗೆ ಇದು. ಮಾತು ಬರೋದು ಮಾತಾಡಿ ತಾನೇ?

ದೊಡ್ಡ ಕಚೇರಿಯಲ್ಲಿ ಕೂಡಿ ನುಡಿಸ್ತಾರಲ್ಲ ಅಂತೀರಿ. ನಿಜ. ಆದರೆ ಅಲ್ಲಿ ಒಬ್ಬರು ಮುಖ್ಯ, ಉಳಿದವರು ಪಕ್ಕವಾದ್ಯ. ಪಿಟೀಲು ಹಾಡಿನ ಹಿಂದೆ ನೆರಳಿನ ಹಾಗೆ ಹೋಗ್ಬೇಕು. ಅದೂ ದೊಡ್ಡ ವಿದ್ಯೆನೇ. ನಾನು ಹೇಳ್ತಿರೋದು ಇನ್ನೊಂದು ಬಗೆ. ಮೂರೋ ನಾಲ್ಕೋ ಜನ, ಎಲ್ಲರೂ ಸಮ, ಒಬ್ಬರು ಮಾತಾಡುವಾಗ ಉಳಿದವರು ಕೇಳೋದು, ಒಂದು ಕೋಣೆಯೊಳಗೆ ಹಿಡಿಸೋವಷ್ಟು ಸದ್ದು. ಯುರೋಪಿನವರು ಇದಕ್ಕೆ ಚೇಂಬರ್ ಮ್ಯೂಸಿಕ್ ಅಂತಲೇ ಹೆಸರಿಟ್ಟಿದ್ದಾರೆ. ಕೋಣೆ ಸಂಗೀತ. ಅಲ್ಲಿ ಅದನ್ನು ಬರೆಸಿದವರು, ನುಡಿಸಿದವರು ಬಹಳ ಜನ ಮನೆಮಂದಿನೇ, ವೇದಿಕೆ ಕಲಾವಿದರಲ್ಲ. ಮೊಜಾರ್ಟ್ 1777ರಲ್ಲಿ, ತನ್ನ ಇಪ್ಪತ್ತೊಂದನೇ ವಯಸ್ಸಲ್ಲಿ, ಮನ್‌ಹೈಮ್ ಅನ್ನೋ ಊರಲ್ಲಿ ಕೊಳಲು ಮತ್ತು ಮೂರು ತಂತಿವಾದ್ಯಕ್ಕೆ ಒಂದು ಕೃತಿ ಬರೆದ. ಪಿಟೀಲು, ಅದಕ್ಕಿಂತ ಸ್ವಲ್ಪ ದೊಡ್ಡ ವಿಯೋಲ, ಕಾಲ ನಡುವೆ ನಿಲ್ಲಿಸಿಕೊಂಡು ನುಡಿಸೋ ಚೆಲ್ಲೊ. ಬರೆಸಿದವನು ವೃತ್ತಿಯಿಂದ ವೈದ್ಯ. ಹವ್ಯಾಸಕ್ಕೆ ಕೊಳಲು ಊದ್ತಿದ್ದ.

ಕರೆಂಟು ಬಂದಮೇಲೆ ಮಾಣಿ ಅದನ್ನು ಫೋನಲ್ಲಿ ಹುಡುಕಿ ಹಾಕಿದ. ಅದರ ಎರಡನೇ ಭಾಗದಲ್ಲಿ ಪಿಟೀಲಿನವರೆಲ್ಲ ಕಮಾನು ಬಿಟ್ಟು ಬೆರಳಿಂದ ತಂತಿ ಮೀಟ್ತಾರೆ, ಕೊಳಲು ಒಂದೇ ಉದ್ದಕ್ಕೆ ಹಾಡ್ತಾ ಹೋಗ್ತದೆ. ಆಯಿ ಅಡುಗೆಮನೆಯಿಂದ ಹೊರಗೆ ಬಂದು ಕೇಳಿದಳು, ‘ಇದು ವೀಣೆ ಅಲ್ದ?’

ಆಗ ನನಗೆ ನೆನಪಾಯ್ತು. ನಮ್ಮನೆಯಲ್ಲಿ ವೀಣೆ ಇದೆ!

ಆಯಿ ಶಿವಮೊಗ್ಗದ ಪೇಟೆಯವಳು. ಮದುವೆಗೆ ಮುಂಚೆ ಆರೇಳು ವರ್ಷ ವೀಣೆ ಕಲಿತಿದ್ದಳಂತೆ. ಮದುವೆ ಆಗಿ ಸೊರಬದ ಹಳ್ಳಿಗೆ ಬಂದಾಗ ವೀಣೆನೂ ಜೊತೆಗೆ ಬಂತು. ಬಂದಿದ್ದಷ್ಟೇ. ಕೊಟ್ಟಿಗೆ, ಒಲೆ, ಅಡಿಕೆ ಸುಗ್ಗಿ, ನಾವು ಮೂವರು ಮಕ್ಕಳು, ಮಲಗಿದ್ದ ಅತ್ತೆ. ಯಾರೂ ನುಡಿಸಬೇಡ ಅಂತ ಹೇಳಲಿಲ್ಲ, ನುಡಿಸು ಅಂತಲೂ ಹೇಳಲಿಲ್ಲ. ನಾವು ಚಿಕ್ಕವರಿದ್ದಾಗ ನವರಾತ್ರಿಯಲ್ಲಿ ವೀಣೆಯನ್ನು ಸರಸ್ವತಿ ಪೂಜೆಗೆ ಇಟ್ಟು, ಹೂ ಏರಿಸಿ, ವಿಜಯದಶಮಿ ದಿನ ಮತ್ತೆ ಹಳೇ ಸೀರೆ ಸುತ್ತಿ ಒಳಗಿಡ್ತಿದ್ದರು. ವೀಣೆ ಅಂದ್ರೆ ಪೂಜೆ ಮಾಡೋ ಸಾಮಾನು ಅಂತಲೇ ನಾನು ತಿಳಿದಿದ್ದೆ. ಅದರಿಂದ ಸದ್ದು ಬರ್ತದೆ ಅಂತ ಯೋಚನೆಯೇ ಬಂದಿರಲಿಲ್ಲ.

‘ಅಮ್ಮಮ್ಮ, ನೀನೂ ನುಡ್ಸೇ’ ಅಂತ ಕೂಸು ಗಂಟು ಬಿತ್ತು. ‘ಎನ್ನ ಬೆರಳಿಗೆ ಎಲ್ಲಾ ಮರ್ತು ಹೋಜು’ ಅಂದಳು ಆಯಿ. ನಲವತ್ತು ವರ್ಷ ಮೆಟ್ಟುಗತ್ತಿ ಮೇಲೆ ಅಡಿಕೆ ಸುಲಿದ ಬೆರಳು. ಆದರೂ ಸೀರೆ ಬಿಚ್ಚಿ ನೋಡಿದ್ವಿ. ನಾಲ್ಕು ಮುಖ್ಯ ತಂತಿಯಲ್ಲಿ ಎರಡು ತುಕ್ಕು ಹಿಡಿದು ತುಂಡಾಗಿದ್ವು. ಮೆಟ್ಟಿಲು ಕೂರಿಸಿದ ಮೇಣ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಇಪ್ಪತ್ತನಾಲ್ಕು ಮೆಟ್ಟಿಲಲ್ಲಿ ಮೂರು ಜಾರಿದ್ವು. ಅಣ್ಣ ಶಿವಮೊಗ್ಗಕ್ಕೆ ಒಯ್ದು ರಿಪೇರಿ ಮಾಡಿಸಿಕೊಂಡು ಬಂದ. ಅವನ ಬಗ್ಗೆ ಮುಂದೆ ಸ್ವಲ್ಪ ದೂರು ಹೇಳೋದಿದೆ, ಅದಕ್ಕೇ ಇದನ್ನು ಮೊದಲೇ ಹೇಳಿಬಿಟ್ಟೆ.

ಈಗ ಹೊಸ ತೊಡಕು. ವೀಣೆ ಮೂರು ಮನೆ ಶ್ರುತಿಗೆ ಕೂರಿಸಿದ್ದು, ಮಾಣಿ ಕೊಳಲು ಐದು ಮನೆದು. ತಂತಿನೇ ಬಗ್ಗಬೇಕು ಅಂತ ವೀಣೆಯನ್ನು ಅಷ್ಟು ಮೇಲಕ್ಕೆ ಬಿಗಿದರೆ ತಂತಿ ಹರೀತದೆ, ಹಳೇ ವೀಣೆಗೆ ಪೆಟ್ಟು. ಪಿಟೀಲಾದರೆ ಎತ್ತ ಎಳೆದರೂ ಬರ್ತದೆ, ವೀಣೆ ಬರಲಿಲ್ಲ. ಆಯಿ ಮಾತು ಇಲ್ಲಿ ಅರ್ಧ ಸತ್ಯ ಆಯ್ತು. ಕೊನೆಗೆ ಬಗ್ಗಿದ್ದು ಕೊಳಲಿನವನೇ. ದೀಪಾವಳಿಗೆ ಬರುವಷ್ಟರಲ್ಲಿ ಅವನು ಎರಡೂವರೆ ಅಡಿ ಉದ್ದದ ಮೂರು ಮನೆ ಕೊಳಲು ತರಿಸಿಕೊಂಡಿದ್ದ. ಹಿಂದೂಸ್ತಾನಿಯವರು ಕಚೇರಿಗೆ ಹಿಡಿಯೋ ಉದ್ದ ಕೊಳಲು. ಪನ್ನಾಲಾಲ್ ಘೋಷ್ ಅವರು ದನಗಾಹಿ ಕೊಳಲನ್ನು ಹೀಗೆ ಉದ್ದ ಮಾಡಿ ಕಚೇರಿಗೆ ತಂದರು ಅಂತ ಅವನೇ ಹೇಳಿದ. ತೂತುಗಳು ದೂರ ದೂರ. ಬೆರಳು ಚಾಚಿ ಚಾಚಿ ಮೊದಲ ತಿಂಗಳು ಅವನ ಕೈ ನೋವು ಬಂತಂತೆ. ಕೊಳಲು ಬಗ್ಗೋದಿಲ್ಲ ಸರಿ, ಊದೋನು ಇನ್ನೊಂದು ಬಿದಿರು ತರಬಹುದು. ಇದನ್ನೂ ಸಂಸಾರಕ್ಕೆ ಹೋಲಿಸಿಕೊಳ್ಳಿ, ನಾನು ಬಿಡಿಸಿ ಹೇಳೋದಿಲ್ಲ.

ಬಲಿಪಾಡ್ಯಮಿ ಸಂಜೆ, ಗೋಪೂಜೆ ಮುಗಿದು, ಹೋಳಿಗೆ ಊಟ ಇಳಿದಮೇಲೆ, ಮೂವರೂ ಕೂತರು. ಕೊಳಲು, ಪಿಟೀಲು, ವೀಣೆ. ಇದೇನು ನಮ್ಮನೆಯವರು ಕಂಡುಹಿಡಿದಿದ್ದಲ್ಲ. 1966ರಲ್ಲಿ ಲಾಲ್ಗುಡಿ ಜಯರಾಮನ್ ಅವರ ಪಿಟೀಲು, ರಮಣಿಯವರ ಕೊಳಲು, ವೆಂಕಟರಾಮನ್ ಅವರ ವೀಣೆ ಸೇರಿ ಇಂಥದೇ ಕಚೇರಿ ಶುರು ಮಾಡಿದ್ದರು. ಆಮೇಲೆ ವೇಣು-ವೀಣಾ-ವಯೊಲಿನ್ ಅನ್ನೋದು ಕರ್ನಾಟಕ ಸಂಗೀತದಲ್ಲಿ ಒಂದು ಬಗೆಯೇ ಆಯ್ತು. ಅವರ ಎತ್ತರ ಎಲ್ಲಿ, ನಮ್ಮ ಜಗುಲಿ ಎಲ್ಲಿ. ಆದರೂ ಆ ಮೂರೇ ವಾದ್ಯ ಯಾಕೆ ಸೇರ್ತವೆ ಅಂತ ನನಗೆ ತಿಳಿದಿದ್ದು ನಮ್ಮ ಜಗುಲಿಯಲ್ಲೇ.

ಕೊಳಲಿಗೆ ಉಸಿರು ಇದ್ದಷ್ಟು ಹೊತ್ತು ಸ್ವರ. ಆಮೇಲೆ ಉಸಿರು ತಗೊಳ್ಳಲೇ ಬೇಕು, ಅಲ್ಲೊಂದು ಬಿಡುವು. ಪಿಟೀಲಿಗೆ ಕಮಾನು ತಿರುಗಿಸಿ ತಿರುಗಿಸಿ ಎಷ್ಟು ಹೊತ್ತಾದರೂ ಎಳೀಬಹುದು, ಕೊಳಲು ಉಸಿರು ತಗೊಳ್ಳುವಾಗ ಆ ಬಿಡುವನ್ನು ಅದು ಹಿಡ್ಕೊಳ್ತದೆ. ವೀಣೆದು ಬೇರೆಯೇ ಸ್ವಭಾವ. ಮೀಟಿದ ಕೂಡಲೇ ಸ್ವರ ಹುಟ್ಟಿ ಮೆಲ್ಲಗೆ ಸಾಯ್ತಾ ಹೋಗ್ತದೆ. ಉಳಿದಿಬ್ಬರು ಗಟ್ಟಿಯಾಗಿ ನುಡಿಸಿದರೆ ಆ ಕೊನೆ ಕೇಳೋದೇ ಇಲ್ಲ. ಹಾಗಾಗಿ ವೀಣೆ ಇದ್ದರೆ ಎಲ್ಲರೂ ತಗ್ಗಬೇಕು. ಮೃದಂಗ ಇರಲಿಲ್ಲ. ತಾಳಕ್ಕೇನು ಮಾಡೋದು ಅಂತ ನಾನು ಯೋಚನೆ ಮಾಡ್ತಿದ್ದೆ. ವೀಣೆ ಪಕ್ಕಕ್ಕೆ ಮೂರು ತಾಳದ ತಂತಿ ಇರ್ತವೆ. ಆಯಿ ಕಿರುಬೆರಳಲ್ಲಿ ಅವನ್ನು ಮೀಟೋಕೆ ಶುರು ಮಾಡಿದಳು. ಉಳಿದ ಬೆರಳು ಮರೆತಿದ್ದರೂ ಕಿರುಬೆರಳು ಮರೆತಿರಲಿಲ್ಲ. ಅವತ್ತು ಅವಳು ಸ್ವರ ನುಡಿಸಿದ್ದು ಕಮ್ಮಿ, ತಾಳ ಹಾಕಿದ್ದೇ ಜಾಸ್ತಿ. ಆದರೆ ಮಕ್ಕಳಿಬ್ಬರೂ ತಪ್ಪಿದಾಗಲೆಲ್ಲ ಆ ಕಿರುಬೆರಳನ್ನೇ ನೋಡ್ತಿದ್ದರು.

ನುಡಿಸಿದ್ದು ಏನು ಅಂತ ಕೇಳಿದರೆ, ಐದೇ ಸ್ವರದ ರಾಗ. ಕೂಸು ಅದಕ್ಕೆ ಮೋಹನ ಅಂತು, ಮಾಣಿ ಭೂಪಾಲಿ ಅಂದ. ಸ ರಿ ಗ ಪ ದ, ಇಬ್ಬರದೂ ಒಂದೇ. ಆದರೆ ಅವಳಿಗೆ ಕರ್ನಾಟಕಿ ಪಾಠ, ಸ್ವರವನ್ನು ಗಮಕದಲ್ಲಿ ಅಲುಗಿಸ್ತಾಳೆ. ಅವನಿಗೆ ಹಿಂದೂಸ್ತಾನಿ ಪಾಠ, ಸ್ವರವನ್ನು ನೇರ ನಿಲ್ಲಿಸಿ ಮೆಲ್ಲಗೆ ಜಾರಿಸ್ತಾನೆ. ಒಂದೇ ಸಾಲನ್ನು ಇಬ್ಬರೂ ಒಟ್ಟಿಗೆ ನುಡಿಸಿದರೆ ಒಬ್ಬರು ಮಜ್ಜಿಗೆ ಕಡೀತಿರೋ ಹಾಗೆ, ಇನ್ನೊಬ್ಬರು ಪಕ್ಕದಲ್ಲಿ ಹಾಲು ಹೊಯ್ತಿರೋ ಹಾಗೆ. ಅದಕ್ಕೆ ಅವರೇ ಉಪಾಯ ಮಾಡಿಕೊಂಡರು. ಒಟ್ಟಿಗೆ ನುಡಿಸೋವಾಗ ಸರಳ ಸಾಲು, ಬೇರೆ ಬೇರೆ ನುಡಿಸೋವಾಗ ಅವರವರ ದಾರಿ. ಆಮೇಲೆ ಹಂಸಧ್ವನಿ ಹಿಡಿದರು. ದಕ್ಷಿಣದಲ್ಲಿ ಹುಟ್ಟಿ ಉತ್ತರದವರೂ ತಮ್ಮದು ಮಾಡಿಕೊಂಡ ರಾಗ ಅದು. ಆಯಿಗೆ ‘ವಾತಾಪಿ’ ಬರ್ತಿತ್ತು. ಪಲ್ಲವಿ ಅಷ್ಟೇ ನೆನಪಿತ್ತು, ಅಷ್ಟರಲ್ಲೇ ಅರ್ಧ ತಾಸು ಹೋಯ್ತು.

ಎರಡು ಪದ್ಧತಿ ಬೆರೆಸಿದರೆ ಎರಡೂ ಕೆಡ್ತದೆ ಅಂತ ಕಲಿಸೋರಿಗೆ ಹೆದರಿಕೆ ಇದೆ. ನಾನು ಗೌರವದಿಂದಲೇ ಹೇಳ್ತೇನೆ, ಪಾಠ ಪಾಠದ ಹಾಗೇ ಇರಲಿ, ಗುರುಗಳು ಹೇಳಿದ್ದೇ ಸರಿ. ಆದರೆ ನಮ್ಮ ಸೀಮೆ ನೋಡಿ. ಬಡಗಕ್ಕೆ ಹೊರಟರೆ ಹಾನಗಲ್ಲು, ಹಾವೇರಿ, ಹುಬ್ಬಳ್ಳಿ, ಧಾರವಾಡ, ಅತ್ತ ಎಲ್ಲ ಹಿಂದೂಸ್ತಾನಿ. ತೆಂಕಕ್ಕೆ ಶಿವಮೊಗ್ಗ ದಾಟಿದರೆ ಮೈಸೂರಿನವರೆಗೂ ಕರ್ನಾಟಕಿ. ಶಿಕಾರಿಪುರ, ಸೊರಬ ಎರಡೂ ನಟ್ಟ ನಡುವೆ ಕೂತಿವೆ. ಒಂದೇ ಮನೆಯಲ್ಲಿ ಒಬ್ಬರಿಗೆ ಆ ಪಾಠ, ಒಬ್ಬರಿಗೆ ಈ ಪಾಠ ಆಗೋದು ನಮ್ಮಲ್ಲೇ. ನಾವೂ ಕೂಡಿ ನುಡಿಸದಿದ್ದರೆ ಇನ್ಯಾರು ನುಡಿಸ್ತಾರೆ?

ಇನ್ನು ಅಣ್ಣನ ಮೇಲಿನ ದೂರು. ಮಾಘದಲ್ಲಿ ಅವನು ಸೊರಬ ಪೇಟೆಯಲ್ಲಿ ಕಟ್ಟಿಸಿದ ಮನೆ ಒಕ್ಕಲಾಯ್ತು. ನಾನು ಮೊದಲೇ ಹೇಳಿದ್ದೆ, ಮಕ್ಕಳು ಆಯಿ ಜೊತೆ ಒಳಗೆ ಒಂದು ತಾಸು ನುಡಿಸ್ತಾರೆ, ಸಾಕು ಅಂತ. ಅಣ್ಣ ಒಪ್ಪಿದ. ಒಪ್ಪಿ, ಬಾಡಿಗೆಗೆ ದೊಡ್ಡ ಸ್ಪೀಕರು, ಕೀಬೋರ್ಡು, ಹಾಡೋರು ಎಲ್ಲರನ್ನೂ ಕರೆಸಿದ. ‘ಇಷ್ಟು ಖರ್ಚು ಮಾಡಿ ಮನೆ ಕಟ್ಟಿದ್ದು, ನಾಲ್ಕು ಜನಕ್ಕೆ ಕೇಳದು ಬೇಡ್ದ?’ ಅಂದ. ಮಕ್ಕಳ ಎದುರಿಗೂ ಮೈಕು ನಿಲ್ಲಿಸಿದರು. ವೀಣೆ ಸದ್ದು ತಗಡಿನ ಡಬ್ಬದ ಸದ್ದಾಯ್ತು. ಕೊಳಲಿನ ಉಸಿರು ಗಾಳಿಮಳೆ ಆಯ್ತು. ಮುಖ್ಯ ಅಂದ್ರೆ, ಮಕ್ಕಳಿಗೆ ಒಬ್ಬರ ಸದ್ದು ಒಬ್ಬರಿಗೆ ಕೇಳಲೇ ಇಲ್ಲ, ಸ್ಪೀಕರು ಹೊರಗಿನ ಶಾಮಿಯಾನದ ಕಡೆ ಮುಖ ಮಾಡಿತ್ತು. ಹತ್ತು ನಿಮಿಷಕ್ಕೆ ಕೂಸು ನನ್ನ ಕಡೆ ನೋಡಿತು. ಬಸ್ಸಿನ ಕಿಟಕಿ ಕಡೆ ತಿರುಗಿದಳಲ್ಲ, ಅದೇ ಮುಖ. ಈ ಸಲ ನಾನು ಎದ್ದು ಹೋಗಿ ‘ಸಾಕು ಬಿಡಿ, ಊಟಕ್ಕೆ ಏಳಿ’ ಅಂದೆ. ಆಯಿ ಅಣ್ಣನಿಗೆ ಅಂದಿದ್ದು ಒಂದೇ ಮಾತು: ‘ಅದು ಸಂಗೀತ ಅಲ್ಲ ಮಾರಾಯ, ಗುಡುಗು.’

ನಮ್ಮ ಹಿರಿಯರಿಗೆ ಈ ವಿವೇಕ ಇತ್ತು. ವಾಲಗ ಹೊರಗಿನ ವಾದ್ಯ. ದಿಬ್ಬಣ ಬಂತು ಅಂತ ಊರಿಗೇ ಗೊತ್ತಾಗಬೇಕು, ಅದಕ್ಕೆ ಆ ಗಂಟಲು. ಡೊಳ್ಳೂ ಹಾಗೇ. ಅವಕ್ಕೆ ಯಾವ ಮೈಕೂ ಬೇಕಿಲ್ಲ. ನಮ್ಮ ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿ ಹುಟ್ಟಿದ ಅಲ್ಲಮಪ್ರಭು ದೇವಸ್ಥಾನದಲ್ಲಿ ಮದ್ದಳೆ ಬಾರಿಸ್ತಿದ್ದ ಅಂತ ಹರಿಹರ ಕವಿ ಹೇಳ್ತಾನೆ. ಕಲ್ಲಿನ ಮಂಟಪದಲ್ಲಿ ಮದ್ದಳೆ ಎಷ್ಟು ದೂರ ಕೇಳಿರಬೇಕು! ಕೊಳಲು, ವೀಣೆ, ಪಿಟೀಲು ಒಳಗಿನ ವಾದ್ಯ. ಹತ್ತಿರ ಕೂತವರಿಗಾಗಿ ಇರೋವು. ಇವನ್ನು ದೊಡ್ಡ ಸಭೆಗೆ ಒಯ್ದಾಗ ಕಷ್ಟ ಶುರುವಾಯ್ತು. ಮೈಸೂರಿನ ಪಿಟೀಲು ಚೌಡಯ್ಯನವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಪಿಟೀಲು ಮಾಡಿಕೊಂಡಿದ್ದು, ಮೈಕು ಇಲ್ಲದ ಆ ಕಾಲದಲ್ಲಿ ಹಿಂದೆ ಕೂತವರಿಗೂ ಕೇಳಲಿ ಅಂತ. ಅವರಿಗೆ ಸಾವಿರ ಜನರ ಸಭೆ ಇತ್ತು, ಅದು ಬೇಕಿತ್ತು. ಮನೆ ಒಳಗೆ ಇಪ್ಪತ್ತು ಜನ ಕೂತಲ್ಲಿ ಯಾರಿಗಾಗಿ ಸ್ಪೀಕರು?

ಅಣ್ಣನ ಕಡೆಯಿಂದಲೂ ಒಂದು ಮಾತು ಹೇಳ್ಬೇಕು. ಅವನಿಗೆ ಸದ್ದು ಬೇಕಿರಲಿಲ್ಲ, ನಾಲ್ಕು ಜನ ಮೆಚ್ಚಬೇಕಿತ್ತು. ಸ್ಪರ್ಧೆಗೆ ಕರ್ಕೊಂಡು ಹೋದಾಗ ನನಗೂ ಅದೇ ಬೇಕಿತ್ತು. ನಾವಿಬ್ಬರೂ ಒಂದೇ ತಪ್ಪು ಮಾಡಿದ್ದು. ಕೇಳೋರಿಗಾಗಿ ನುಡಿಸೋದು ಸಂಗೀತ ಅಂತ ನಾವು ತಿಳಿದಿದ್ವಿ. ಕೂಡಿ ನುಡಿಸೋರು ಒಬ್ಬರಿಗೊಬ್ಬರು ಕೇಳಿಸಿಕೊಳ್ಳೋದೂ ಸಂಗೀತವೇ, ಅದನ್ನು ಕೇಳೋಕೆ ಬೇರೆ ಯಾರೂ ಇಲ್ಲದಿದ್ದರೂ ನಡೀತದೆ ಅಂತ ಗೊತ್ತೇ ಇರಲಿಲ್ಲ.

ಇಷ್ಟೆಲ್ಲ ಬರೆದಮೇಲೆ ‘ನಿಮ್ಮನೆಯಲ್ಲಿ ವೀಣೆ ಇತ್ತು, ಎಲ್ಲರ ಮನೆಯಲ್ಲಿ ಎಲ್ಲಿರ್ತದೆ?’ ಅಂತ ಕೇಳೋರಿದ್ದಾರೆ. ನ್ಯಾಯವಾದ ಮಾತು. ವೀಣೆ ದುಡ್ಡಿನ ಸಾಮಾನು, ಕಲಿಯೋ ಅವಕಾಶವೂ ಹಿಂದೆ ಕೆಲವೇ ಮನೆಗಳಿಗೆ ಸಿಕ್ಕಿತ್ತು. ಆದರೆ ಕೊಳಲು ಯಾವತ್ತೂ ದನ ಕಾಯೋರ ಕೈಯಲ್ಲೇ ಇತ್ತು. ತಂತಿ ಅಂದ್ರೆ ವೀಣೆಯೇ ಆಗಬೇಕಂತಲೂ ಇಲ್ಲ. ತತ್ವಪದ ಹಾಡೋರ ಏಕತಾರಿ ಇದೆ, ಭಜನೆ ಮನೆಗಳಲ್ಲಿ ತಂಬೂರಿ ಇದೆ. ಒಂದು ಕೊಳಲು, ಒಂದು ಏಕತಾರಿ ಸೇರಿದರೂ ಮೇಳವೇ. ಏಕತಾರಿಗೆ ಒಂದೇ ತಂತಿ, ಅದನ್ನು ಕೊಳಲಿಗೆ ಹೊಂದಿಸೋದು ಎಲ್ಲಕ್ಕಿಂತ ಸುಲಭ.

ಮಾಡೋದು ಹೇಗೆ ಅಂತ ಕೇಳಿದರೆ ನಮ್ಮನೆಯಲ್ಲಿ ನಾವು ಕಲಿತಿದ್ದು ಇಷ್ಟು. ಮೊದಲು ಶ್ರುತಿ ವಿಚಾರಿಸಿ. ನಿಮ್ಮ ಮಗುವಿನ ವಾದ್ಯ ಎಷ್ಟು ಮನೆದು, ಪಕ್ಕದ ಮನೆ ಮಗುವಿನದು ಎಷ್ಟು ಮನೆದು ಅಂತ ಕೇಳ್ಕೊಳ್ಳಿ. ಹೊಸ ಕೊಳಲು ತಗೊಳ್ಳೋವಾಗ ಜೊತೆಗೆ ನುಡಿಸೋರ ಶ್ರುತಿ ನೋಡಿ ತಗೊಳ್ಳಿ, ಆಮೇಲೆ ಪೇಚಾಡೋದು ತಪ್ಪುತ್ತೆ. ಐದು ಸ್ವರದ ರಾಗದಿಂದ ಶುರು ಮಾಡಲಿ. ಒಬ್ಬರು ಷಡ್ಜ ಹಿಡಿದು ನಿಲ್ಲಲಿ, ಇನ್ನೊಬ್ಬರು ಆ ಷಡ್ಜದ ಮೇಲೆ ಓಡಾಡಲಿ, ಆಮೇಲೆ ಅದಲುಬದಲು. ಮೈಕು ಬೇಡ. ವಿಡಿಯೋ ಬೇಡ. ಕ್ಯಾಮೆರಾ ಕಂಡ ಕೂಡಲೇ ಮಕ್ಕಳು ಒಬ್ಬರನ್ನೊಬ್ಬರು ನೋಡೋದು ಬಿಟ್ಟು ಅದನ್ನು ನೋಡ್ತಾರೆ. ತಪ್ಪಿದರೆ ನಗೋಕೆ ಬಿಡಿ. ದೊಡ್ಡವರು ಅದೇ ಕೋಣೆಯಲ್ಲಿ ಬತ್ತಿ ಹೊಸೀತಾನೋ ಅಡಿಕೆ ಸುಲೀತಾನೋ ಇರಿ, ಆದರೆ ಮಾರ್ಕ್ಸು ಹಾಕಬೇಡಿ.

ನಮ್ಮನೆ ಮೇಳ ಈವರೆಗೆ ಕೂಡಿದ್ದು ಲೆಕ್ಕ ಹಾಕಿದರೆ ಏಳೇ ಸಲ. ಸಂಕ್ರಾಂತಿಗೆ ಬಂದಾಗ ವೀಣೆಯ ಒಂದು ತಂತಿ ಹರೀತು. ಬೇಸಿಗೆಯಲ್ಲಿ ಸೆಕೆಗೆ ಮೇಣ ಮೆತ್ತಗಾಗಿ ಮೆಟ್ಟಿಲು ಮತ್ತೆ ಅಲುಗಿದ್ವು. ಆಯಿಗೆ ಒಂದು ತಾಸಿನ ಮೇಲೆ ಕೂರೋಕೆ ಆಗೋದಿಲ್ಲ, ಸೊಂಟ ಹಿಡ್ಕೊಳ್ತದೆ. ಮಾಣಿಗೆ ಪಿಯುಸಿ ಮುಗೀತು, ಬರೋ ತಿಂಗಳು ಬೆಂಗ್ಳೂರಿಗೆ ಇಂಜಿನಿಯರಿಂಗ್ ಓದೋಕೆ ಹೋಗ್ತಾನೆ. ಹಾಸ್ಟೆಲ್ಲಿನಲ್ಲಿ ಊದೋಕೆ ಬಿಡ್ತಾರೋ ಇಲ್ವೋ. ಹಾಗಾಗಿ ಇದೊಂದು ದೊಡ್ಡ ಗೆಲುವಿನ ಕಥೆ ಅಂತ ನಾನು ಹೇಳೋ ಹಾಗಿಲ್ಲ.

ಆದರೆ ಪಿಟೀಲು ಈಗ ಸೊರಬದ ಅಟ್ಟದಲ್ಲಿಲ್ಲ, ಶಿಕಾರಿಪುರದಲ್ಲಿ ನಮ್ಮನೆ ಹಾಲ್‌ನಲ್ಲಿದೆ. ಕೂಸು ಮತ್ತೆ ಪಾಠಕ್ಕೆ ಹೋಗ್ತಾಳೆ, ಅವಳೇ ಕೇಳಿ ಸೇರಿಕೊಂಡಿದ್ದು. ಪರೀಕ್ಷೆ ಕಟ್ತೀಯಾ ಅಂತ ನಾನು ಕೇಳಿಲ್ಲ, ನಾಲಿಗೆ ತುದಿಗೆ ಬಂದರೂ ನುಂಗಿಕೊಂಡಿದ್ದೇನೆ. ಮೊನ್ನೆ ನಮ್ಮ ಬೀದಿಯ ಒಬ್ಬ ಪುಟ್ಟ ಹುಡುಗಿ ಕೊಳಲು ಕಲೀತಾ ಇದೆ ಅಂತ ಗೊತ್ತಾಗಿ, ಇವಳೇ ಅವರ ಮನೆಗೆ ಹೋಗಿ ಬಂದಳು. ಬಂದವಳೇ ಪಿಟೀಲು ಬಿರಡೆ ತಿರುಗಿಸ್ತಾ ಕೂತಳು.

‘ಎಂತ ಮಾಡ್ತಾ ಇದ್ದೆ?’ ಅಂದೆ.

‘ಅದರ ಕೊಳಲು ಐದೂವರೆ ಮನೆದು ಆಯಿ, ಬಗ್ತಿಲ್ಲೆ’ ಅಂತು.

ಬೇಕಾದರೆ ನೀವೂ ಒಂದು ಸಲ ನಿಮ್ಮನೆ ಅಟ್ಟ ಹತ್ತಿ ನೋಡಿ. ಏನಾದ್ರೂ ಸಿಕ್ಕಿದರೆ ಒಲೆ ಹತ್ತಿರ ಸ್ವಲ್ಪ ಹೊತ್ತು ಬೆಚ್ಚಗಿಡಿ. ಬಿರಡೆ ತಿರುಗ್ತದೆ.